ಚಳಿಗಾಲದ ಗೆಂಡೆಗೆ ಏನು ಕಟ್ಟಬೇಕು

ಮೊನ್ನೆ ಹೈಸ್ಕೂಲಿನ ಮೇಷ್ಟ್ರೊಬ್ಬರು ನಮ್ಮ ಹಿಟ್ಟಿನ ಗಿರಣಿಗೆ ಬಂದು, ಜೋಳದ ಡಬ್ಬಿಗಳನ್ನು ಸಾಲಾಗಿ ಇಡುವ ಕಟ್ಟೆಯ ಮೇಲೆ ಒಂದು ಪ್ಯಾಕೆಟ್ಟು ಇಟ್ಟರು. ಒಳಗೆ ಗೋಲಿ ಗಾತ್ರದ ಗುಲಾಬಿ ಬಣ್ಣದ ಉಂಡೆಗಳು. ಬಾಯಿ ಬಿಚ್ಚಿದ ಕೂಡಲೇ ಗಿರಣಿಯ ತುಂಬ ಸ್ಟ್ರಾಬೆರಿ ಐಸ್‌ಕ್ರೀಮಿನ ವಾಸನೆ. ಸರದಿಯಲ್ಲಿ ನಿಂತಿದ್ದ ಹೆಂಗಸರೆಲ್ಲ ಮೂಗರಳಿಸಿ ಆ ಕಡೆ ತಿರುಗಿದರು.

“ಮೀನಿನ ಎರಿ ರೀ ಇದು, ಕೊಟ್ರಪ್ಪಾರ. ಆನ್‌ಲೈನಿನಾಗ ತರಿಸೀನಿ. ಭಾಳ ಗಟ್ಟಿ ಅದಾವು, ಒಂದೀಟು ಪುಡಿ ಮಾಡಿ ಕೊಡ್ರಿ” ಎಂದರು ಮೇಷ್ಟ್ರು.

ಗಾಳಕ್ಕೆ ಕಟ್ಟುವ ತಿಂಡಿಯೇ ಎರೆ. ಈ ಎರೆಯನ್ನು ನನ್ನ ಕಲ್ಲಿಗೆ ಹಾಕಿದರೆ ವಾರಗಟ್ಟಲೆ ಕೊಟ್ಟೂರಿನ ಅರ್ಧ ಊರು ಸ್ಟ್ರಾಬೆರಿ ರೊಟ್ಟಿ ತಿನ್ನಬೇಕಾಗುತ್ತದೆ, ಆಗುವುದಿಲ್ಲ ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಹತ್ತಿರ ಬಂದು ದನಿ ತಗ್ಗಿಸಿ, “ಹಂಗಾರ ನೀವ ಹೇಳ್ರಿ. ಈ ಚಳಿಗಾಲದಾಗ ಗೆಂಡಿ ಮೀನಿಗೆ ಏನು ಕಟ್ಟಬೇಕು? ಊರಾಗ ಯಾರನ್ನ ಕೇಳಿದ್ರೂ ನಿಮ್ಮ ಹೆಸರ ಹೇಳ್ತಾರ” ಎಂದರು.

“ನನಗ ಗೊತ್ತಿಲ್ಲರಿ” ಎಂದೆ.

ಮುದುಕ ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂದುಕೊಂಡು ಅವರು ನಗುತ್ತ ಹೋದರು. ನನಗೆ ಆವತ್ತು ಮಧ್ಯಾಹ್ನ ಊಟ ಸೇರಲಿಲ್ಲ.

ಗೊತ್ತಿಲ್ಲ ಎಂದದ್ದು ಸುಳ್ಳು. ನನಗೆ ಚೆನ್ನಾಗಿ ಗೊತ್ತಿದೆ. ಯಾವ ಕಾಲಕ್ಕೆ ಯಾವ ಹಿಟ್ಟು, ಎಷ್ಟು ನೀರು, ಉಂಡೆ ನಿಂಬೆಕಾಯಿಯಷ್ಟೋ ಕಡಲೆಕಾಳಿನಷ್ಟೋ, ಎಲ್ಲ ಗೊತ್ತಿದೆ. ಇಷ್ಟೆಲ್ಲ ಗೊತ್ತಿರುವ ನಾನು ಒಂದು ಸಲವೂ ಮೀನು ತಿಂದವನಲ್ಲ. ನಮ್ಮ ಮನೆಯಲ್ಲಿ ಬೆಳಗ್ಗೆ ಎದ್ದರೆ ವಿಭೂತಿ, ಲಿಂಗಪೂಜೆ. ಮೀನಿನ ಹೆಸರನ್ನು ನನ್ನ ಹೆಂಡತಿ ಶಾಂತಮ್ಮ ‘ಅದು’ ಎಂದು ಮಾತ್ರ ಹೇಳುತ್ತಾಳೆ. “ಅದರ ವಾಸನಿ ಬರಾಕತ್ತೈತಿ, ಹಿತ್ತಲದಾಗ ಜಳಕಾ ಮಾಡಿ ಒಳಗ ಬರ್ರಿ” ಎಂದು ಇಪ್ಪತ್ತು ವರ್ಷ ನನ್ನನ್ನು ಹಿತ್ತಲ ಬಾಗಿಲಿನಿಂದಲೇ ಮನೆ ಸೇರಿಸಿಕೊಂಡವಳು ಅವಳು. ತಿನ್ನದವನಿಗೆ ಹಿಡಿಯುವ ಹುಚ್ಚು ಯಾಕೆ ಎಂದು ನೀವು ಕೇಳಿದರೆ ಅದಕ್ಕೆ ನನ್ನ ಹತ್ತಿರ ಮರ್ಯಾದಸ್ಥ ಉತ್ತರವಿಲ್ಲ.

ಬಹುಶಃ ಇದು ಅವ್ವನಿಂದ ಬಂದದ್ದು. ನಾನು ಚಿಕ್ಕವನಿದ್ದಾಗ ಗಿರಣಿ ಅಪ್ಪನದು. ನಾವು ಮಕ್ಕಳು ಅಲ್ಲೇ ಹಿಟ್ಟಿನ ಧೂಳಿನಲ್ಲಿ ಬೆಳೆದವರು. ಸಂಜೆಗೆ ರೆಪ್ಪೆ, ಹುಬ್ಬು, ಕಿವಿಯ ಮೇಲಿನ ಸಣ್ಣ ಕೂದಲು ಕೂಡ ಬೆಳ್ಳಗಾಗಿರುತ್ತಿದ್ದವು. ಕಣ್ಣು ಮುಚ್ಚಿಕೊಂಡು ನಿಂತರೂ ಕಲ್ಲಿನ ನಡುವೆ ಈಗ ಸಜ್ಜೆ ಹೋಗುತ್ತಿದೆಯೋ ರಾಗಿಯೋ ಎಂದು ಮೂಗು ಹೇಳುತ್ತಿತ್ತು. ಸೋಮವಾರ ಅವ್ವ ನನ್ನನ್ನು ಗುಡಿಯ ಹೊಂಡಕ್ಕೆ ಕರೆದೊಯ್ದು, ಸೆರಗಿನಲ್ಲಿ ಕಟ್ಟಿಕೊಂಡ ಮಂಡಕ್ಕಿಯನ್ನು ನೀರಿಗೆ ಚೆಲ್ಲುತ್ತಿದ್ದಳು. ಕರಿಯ ಬೆನ್ನುಗಳು ಒಂದರ ಮೇಲೊಂದು ಏರಿ, ದುಂಡಗಿನ ಬಾಯಿಗಳು ತೆರೆದುಕೊಂಡು, ನೀರು ಕುದಿದಂತೆ ಆಗುತ್ತಿತ್ತು. “ಉಣ್ಣೋ ಬಾಯಿ ನೋಡೋದ ಪುಣ್ಯ, ನೋಡಪ್ಪಾ” ಎನ್ನುತ್ತಿದ್ದಳು ಅವ್ವ. ಅವಳು ಪುಣ್ಯಕ್ಕೆ ಹಾಕಿದಳು. ಮಗ ಅದರೊಳಗೆ ಕಬ್ಬಿಣದ ಕೊಕ್ಕೆ ಇಟ್ಟು ಹಾಕಿದ. ವಂಶ ಉದ್ಧಾರವಾಗುವುದು ಹೀಗೆ.

ಕೊಕ್ಕೆ ಕಲಿಸಿದವನು ದುರುಗಪ್ಪ. ಬಸ್ ನಿಲ್ದಾಣದ ರಸ್ತೆಯಲ್ಲಿ ಮೋಟಾರು ಸುತ್ತುವ ಅಂಗಡಿ ಇಟ್ಟಿದ್ದ. ಬೋರ್‌ವೆಲ್ಲಿನ ಮೋಟಾರು, ಗಿರಣಿ ಮೋಟಾರು ಸುಟ್ಟರೆ ಒಳಗಿನ ತಾಮ್ರದ ತಂತಿ ಬಿಚ್ಚಿ ಹೊಸದಾಗಿ ಸುತ್ತಿ ಕೊಡುವ ಕೆಲಸ. ಒಮ್ಮೆ ನಮ್ಮ ಗಿರಣಿಯ ಮೋಟಾರು ಸುಟ್ಟಾಗ ಬಂದ. ಕೆಲಸ ಮುಗಿದ ಮೇಲೆ ಕೂಲಿ ಎಷ್ಟು ಎಂದು ಕೇಳಿದರೆ, ಕಲ್ಲಿನ ಕೆಳಗೆ ಬಗ್ಗಿ ನೋಡಿ, “ಈ ಕಸಬರಿಗಿ ಹಿಟ್ಟು ಏನು ಮಾಡ್ತೀರಿ ಸಾವ್ಕಾರ್ರ?” ಎಂದ. ಎಲ್ಲ ಧಾನ್ಯಗಳೂ ಬೆರೆತು ನೆಲಕ್ಕೆ ಬಿದ್ದ ಹಿಟ್ಟು ಅದು, ಎಮ್ಮೆಗೆ ಹಾಕುತ್ತಿದ್ದೆವು. “ಎಮ್ಮಿಗೆ ಬ್ಯಾಡ. ನನಗ ಕೊಡ್ರಿ. ಇದಕ್ಕ ಹಲವಾಗಲ ಹೊಳ್ಯಾಗ ಬೆಲಿ ಐತಿ” ಎಂದು ಚೀಲ ತುಂಬಿಕೊಂಡು ಹೋದ. ಏನು ಬೆಲೆ ಎಂದು ನೋಡಲು ಮುಂದಿನ ಅಮಾವಾಸ್ಯೆ ನಾನೂ ಹೋದೆ. ಅಮಾವಾಸ್ಯೆಗೆ ನಮ್ಮ ಗಿರಣಿ ಬಂದ್. ಅಲ್ಲಿಂದ ಇಪ್ಪತ್ತು ವರ್ಷ, ತಿಂಗಳಿಗೊಂದು ದಿನ, ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ, ಹಲವಾಗಲದ ಹತ್ತಿರ ತುಂಗಭದ್ರೆಯ ದಂಡೆಗೆ ನಾವಿಬ್ಬರೂ ಹೋಗಿ ಕೂತೆವು. ಎರಡನೆಯ ಅಮಾವಾಸ್ಯೆಗೇ ‘ಸಾವ್ಕಾರ್ರ’ ಹೋಗಿ ‘ಲೇ ಕೊಟ್ರಾ’ ಬಂದಿತ್ತು.

ಹಿಟ್ಟು ನನ್ನದು, ವಿದ್ಯೆ ಅವನದು. ಬೇಸಿಗೆಯಲ್ಲಿ ಶೇಂಗಾ ಹಿಂಡಿಯನ್ನು ಜೋಳದ ಗಂಜಿಯಲ್ಲಿ ನೆನೆಹಾಕಿ, ಎರಡು ದಿನ ಮುಚ್ಚಿಟ್ಟು, ಹುಳಿ ವಾಸನೆ ಬಂದ ಮೇಲೆ ರಾಗಿ ಹಿಟ್ಟು ಬೆರೆಸಿ ಮುದ್ದೆ ಕಟ್ಟಬೇಕು. ಸಡಿಲವಾಗಿ ಕಟ್ಟಬೇಕು. ಕಾಟ್ಲಾ ಮೀನು ಕಚ್ಚುವುದಿಲ್ಲ, ನೀರನ್ನು ಹೀರುತ್ತದೆ. ಮುದ್ದೆ ನೀರಿನಲ್ಲಿ ಮೋಡದ ಹಾಗೆ ಕರಗುತ್ತ ಇರಬೇಕು, ಮೋಡದ ಜೊತೆ ಕೊಕ್ಕೆಯೂ ಬಾಯಿಗೆ ಹೋಗಬೇಕು. ಮೊದಲ ಮಳೆಗೆ ಹಳ್ಳದ ಕೆಂಪು ನೀರು ಹೊಳೆಗೆ ಸೇರುವಾಗ ಹಿಟ್ಟು ವ್ಯರ್ಥ, ಆಗ ಎರೆಹುಳು. ಹುಳು ಪೋಣಿಸುವಾಗ ನಾನು ಆ ಕಡೆ ಮುಖ ತಿರುಗಿಸುತ್ತಿದ್ದೆ. “ಮೀನಿನ ಬಾಯಿಗೆ ಕೊಕ್ಕಿ ಹಾಕ್ತಿ, ಹುಳ ನೋಡಿದ್ರ ಶರಣರು ನೆನಪಾಕ್ಕಾರ ನಿನಗ” ಎಂದು ದುರುಗಪ್ಪ ನನ್ನ ಗಾಳಕ್ಕೂ ತಾನೇ ಪೋಣಿಸಿ ಕೊಡುತ್ತಿದ್ದ. ಗಂಟು ಕಟ್ಟುವುದೂ ಅವನೇ. ಸಿಕ್ಕ ಮೀನಿನ ತುಟಿಯೊಳಗೆ ಹೆಬ್ಬೆರಳಿಟ್ಟು ಕೊಕ್ಕೆ ಬಿಡಿಸುವುದೂ ಅವನೇ. ಒಯ್ಯುವುದೂ ಅವನೇ. ನನ್ನ ಪಾಲಿಗೆ ಉಳಿಯುತ್ತಿದ್ದದ್ದು ಕೈಯಲ್ಲಿ ದಾರ ಎಳೆದುಕೊಂಡ ಆ ಒಂದು ಕ್ಷಣ, ಆಮೇಲೆ ಹಿತ್ತಲಿನ ಜಳಕ.

ಕಷ್ಟವಿದ್ದದ್ದು ಚಳಿಗಾಲದಲ್ಲಿ. ಎಳ್ಳಮಾವಾಸ್ಯೆಯ ಹೊತ್ತಿಗೆ ಹೊಳೆ ತಿಳಿಯಾಗಿ, ತಣ್ಣಗಾಗಿ, ಗೆಂಡೆಗಳು ಮಡುವಿನ ತಳಕ್ಕೆ ಹೋಗಿ ಮಲಗುತ್ತವೆ. ಆಗ ಹಿಂಡಿ ನಡೆಯುವುದಿಲ್ಲ; ತಣ್ಣೀರಿನಲ್ಲಿ ಅದರ ಎಣ್ಣೆ ಬಿಗಿದು ಮುದ್ದೆ ಕಲ್ಲಾಗುತ್ತದೆ. ಗೋಧಿ ಹಿಟ್ಟಿಗೆ ಒಂದು ಹಿಡಿ ರಾಗಿ, ಚೂರು ಬೆಲ್ಲ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ ಹಾಕಿ ಹಬೆಯಲ್ಲಿ ಬೇಯಿಸಿ, ಕಡಲೆಕಾಳಿನಷ್ಟು ಸಣ್ಣ ಉಂಡೆ ಮಾಡಿ, ಸೂರ್ಯ ನೆತ್ತಿಗೆ ಬಂದ ಮೇಲೆ ತಳಕ್ಕೆ ಬಿಟ್ಟು ಕಾಯಬೇಕು. “ಬ್ಯಾಸಿಗ್ಯಾಗ ಹುಳಿ ಬೇಡ್ತಾವು, ಮಳಿಗಾಲದಾಗ ಹುಳ ಬೇಡ್ತಾವು. ಚಳಿಗಾಲದಾಗ ಏನೂ ಬ್ಯಾಡ ಅಂತಾವು. ಏನೂ ಬ್ಯಾಡ ಅನ್ನೋರಿಗೆ ಉಣಿಸೋದೈತಲ್ಲ ಕೊಟ್ರಾ, ಅದ ದೊಡ್ಡ ವಿದ್ಯಾ” ಎನ್ನುತ್ತಿದ್ದ. ಆ ವಿದ್ಯೆ ನನಗೆ ಬಂದಿದೆ ಎಂದೇ ನಾನು ನಂಬಿದ್ದೆ. ಊರಿನಲ್ಲಿ ಜನ ನನ್ನ ಹೆಸರು ಹೇಳುತ್ತಿದ್ದರು, ದುರುಗಪ್ಪನೂ ತಡೆಯಲಿಲ್ಲ. “ಎರಿ ಪಂಡಿತ” ಎಂದು ನನ್ನನ್ನು ಕರೆದು ನಗುತ್ತಿದ್ದ. ನಾನು ಅದನ್ನು ಬಿರುದು ಎಂದುಕೊಂಡೆ.

ಅವನಿಗೆ ಕಾಯಿಲೆ ಬಂದದ್ದು ಹೋದ ವರ್ಷಕ್ಕೆ ಹಿಂದಿನ ಮಳೆಗಾಲದಲ್ಲಿ. ಹೊಳೆ ದಂಡೆಯಲ್ಲಿ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ತಿಂದು ಉಳಿದದ್ದನ್ನು ನೀರಿಗೆ ಹಾಕಿದ. “ಗಂಟಲದಾಗ ನಿಲ್ಲತೈತಿ ಲೇ, ಇಳೆಂಗಿಲ್ಲ” ಎಂದ. ಎಲೆ, ಅಡಿಕೆ, ತಂಬಾಕು ಬಿಡು ಎಂದೆ. ಬಿಟ್ಟ. ದೀಪಾವಳಿಯ ಹೊತ್ತಿಗೆ ರೊಟ್ಟಿ ನಿಂತಿತು, ಆಮೇಲೆ ಅನ್ನ ನಿಂತಿತು. ದೊಡ್ಡ ಊರಿನ ಆಸ್ಪತ್ರೆಗೆ ಅವನ ಹೆಂಡತಿ ಹನುಮಕ್ಕನೂ ನಾನೂ ಕರೆದುಕೊಂಡು ಹೋದೆವು. ಅನ್ನನಾಳದಲ್ಲಿ ಗಡ್ಡೆ, ಹರಡಿದೆ, ತಡವಾಗಿದೆ ಎಂದರು. ಹೊಟ್ಟೆಗೆ ನಳಿಗೆ ಹಾಕುತ್ತೇವೆ ಎಂದದ್ದಕ್ಕೆ ದುರುಗಪ್ಪ ಒಪ್ಪಲಿಲ್ಲ. “ಸುಟ್ಟ ಮೋಟಾರು ಎಲ್ಲಿ ತನಕ ಸುತ್ತಬೇಕು, ಎಲ್ಲಿ ಬಿಡಬೇಕು ಅನ್ನೋದು ನನಗ ತಿಳಿತೈತ್ರಿ ಡಾಕ್ಟ್ರೇ” ಎಂದ. ಮನೆಗೆ ಕರೆತಂದೆವು.

ಆಗ ಈ ಪಂಡಿತನ ಕೆಲಸ ಶುರುವಾಯಿತು. ರಾಗಿಯನ್ನು ಮೂರು ಸಲ ಬೀಸಿ, ಶಾಂತಮ್ಮನ ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಜರಡಿ ಹಿಡಿದು, ಅಂಬಲಿ ಕಾಸಿಸಿಕೊಂಡು ಒಯ್ದೆ. ನವಣೆಯ ಗಂಜಿ ಒಯ್ದೆ. ಹೆಸರುಬೇಳೆ ಕಟ್ಟು, ಬಾರ್ಲಿ ನೀರು. ಒಂದು ದಿನ ಬೆಲ್ಲ ಹಾಕಿ, ಒಂದು ದಿನ ಉಪ್ಪು ಹಾಕಿ, ಒಂದು ದಿನ ಏನೂ ಹಾಕದೆ. ಶಾಂತಮ್ಮ ಬೇಸರವಿಲ್ಲದೆ ಕಾಸಿ ಕೊಟ್ಟಳು. ನಾನು ಬಟ್ಟಲು ಹಿಡಿದು ಮುಂದೆ ಕೂತರೆ ದುರುಗಪ್ಪ ಎರಡು ಚಮಚ ಕುಡಿಯುತ್ತಿದ್ದ. ಎರಡು ಚಮಚ ಹೋಯಿತು ಎಂದು ನಾನು ಗೆದ್ದವನ ಹಾಗೆ ಬೀದಿಯಲ್ಲಿ ನಡೆದು ಬರುತ್ತಿದ್ದೆ. ಒಮ್ಮೆ ಮರೆತ ಛತ್ರಿಗೆಂದು ಹಿಂದಿರುಗಿದಾಗ, ಹನುಮಕ್ಕ ಅವನ ತಲೆ ಹಿಡಿದುಕೊಂಡು ಬಚ್ಚಲಲ್ಲಿ ಕೂತಿದ್ದಳು. ಆ ಎರಡು ಚಮಚ ಅಲ್ಲಿ ಹೊರಗೆ ಬರುತ್ತಿತ್ತು. ನನಗಾಗಿ ನುಂಗುತ್ತಿದ್ದ, ನಾನು ಹೋದ ಮೇಲೆ ಕಾರುತ್ತಿದ್ದ. ಛತ್ರಿ ಅಲ್ಲೇ ಬಿಟ್ಟು ಬಂದೆ. ಮರುದಿನ ಮತ್ತೆ ಬಟ್ಟಲು ಒಯ್ದೆ. ಒಯ್ಯದೆ ಬರಿಗೈಯಲ್ಲಿ ಹೋಗಿ ಅವನ ಪಕ್ಕ ಏನು ಮಾಡುತ್ತ ಕೂರಬೇಕು ಎಂಬುದು ನನಗೆ ತಿಳಿದಿರಲಿಲ್ಲ.

ಎಳ್ಳಮಾವಾಸ್ಯೆ ಕಳೆದು ನಾಲ್ಕು ದಿನವಾಗಿತ್ತು. ಆ ಅಮಾವಾಸ್ಯೆ ನಾವು ಹೊಳೆಗೆ ಹೋಗಿರಲಿಲ್ಲ. ಮಧ್ಯಾಹ್ನ ಅವನು ಗೋಡೆಗೆ ಒರಗಿ ಕೂತು ಹೊರಗಿನ ಬಿಸಿಲು ನೋಡುತ್ತಿದ್ದ.

“ಹಲವಾಗಲ ಹೊಳಿ ಗೆಂಡಿ ಸಾರು ನೆನಪಾಗೈತಿ ಲೇ ಕೊಟ್ರಾ” ಎಂದ.

ಎರಡು ತಿಂಗಳಲ್ಲಿ ಅವನು ಇದು ಬೇಕು ಎಂದದ್ದು ಅದೇ ಮೊದಲು. ನಾನು ಎದ್ದೇ ನಿಂತೆ. “ಅಷ್ಟ ಅಲ್ಲೇನು? ನಾಳೇನ ಹೋಗ್ತೀನಿ. ನಾ ಹಿಡಕೊಂಡು ಬರ್ತೀನಿ.”

“ಒಬ್ಬನ ಹೋಗ್ತಿ ಏನು?”

“ಒಬ್ಬನ ಹೋಗ್ತೀನಿ. ನೀ ಏನೂ ಚಿಂತಿ ಮಾಡಬ್ಯಾಡ, ಬೆಚ್ಚಗ ಹೊದ್ದುಕೊಂಡು ಮಕ್ಕೋ.”

ಅವನು ಮತ್ತೆ ಹೊರಗಿನ ಬಿಸಿಲಿನ ಕಡೆ ತಿರುಗಿದ. “ಹೂಂ. ಹೋಗಿ ಬಾ ಹಂಗಾರ” ಎಂದ.

ಗಿರಣಿಯನ್ನು ಮೂರು ದಿನ ಮುಚ್ಚಿದೆ. ಅಮಾವಾಸ್ಯೆಯಲ್ಲದ ದಿನ ಗಿರಣಿ ಮುಚ್ಚಿದ್ದು ಅಪ್ಪ ಸತ್ತಾಗ ಬಿಟ್ಟರೆ ಅದೇ ಮೊದಲು. ಗೋಧಿ, ರಾಗಿ, ಬೆಲ್ಲ, ಬೆಳ್ಳುಳ್ಳಿ, ಹಬೆ, ಕಡಲೆಕಾಳಿನ ಗಾತ್ರ, ಯಾವುದರಲ್ಲೂ ತಪ್ಪಲಿಲ್ಲ. ಮೊದಲನೆಯ ದಿನ ಮೂಡಲ ಗಾಳಿ ಬೀಸಿ, ದಾರಕ್ಕೆ ಕಟ್ಟಿ ತೇಲಬಿಟ್ಟ ಬೆಂಡು ಅಲುಗಿದ್ದು ಮೀನಿಗೋ ಅಲೆಗೋ ತಿಳಿಯದೆ ಸಂಜೆಯಾಯಿತು. ಎರಡನೆಯ ದಿನ ಬೆರಳುದ್ದದ ಮರಿಗಳು ಉಂಡೆಯನ್ನು ಕಚ್ಚಿ ಕಚ್ಚಿ ಮುಗಿಸಿದವು. ಮಡುವಿನ ಆಚೆ ಬಟ್ಟೆ ಒಗೆಯುತ್ತಿದ್ದ ಅಜ್ಜಿ, “ನಿಮ್ಮ ಜೋಡಿ ಎಲ್ಲ್ಯದಾನ? ಇವತ್ತೂ ಒಬ್ಬರ ಬಂದೀರಲ್ಲ” ಎಂದು ಕೂಗಿ ಕೇಳಿದಳು. ಆರಾಮಿಲ್ಲ ಎಂದೆ. “ಅಯ್ಯ ಶಿವನ. ಅವನ್ನ ಬಿಟ್ಟು ನಿಮಗ ಯಾವ ಮೀನು ಬರ್ತಾವು” ಎಂದಳು. ಅವಳು ಚೇಷ್ಟೆಗೆ ಹೇಳಿದ್ದು. ನಾನು ಹಟಕ್ಕೆ ಬಿದ್ದೆ.

ಮೂರನೆಯ ದಿನ, ಸೂರ್ಯ ನೆತ್ತಿ ದಾಟಿದ ಮೇಲೆ, ಬೆಂಡು ನಿಧಾನವಾಗಿ ಪಕ್ಕಕ್ಕೆ ಸರಿಯಿತು. ಗೆಂಡೆ ತಿನ್ನುವ ರೀತಿಯೇ ಹಾಗೆ. ಎಳೆಯುವುದಿಲ್ಲ, ಯೋಚನೆ ಮಾಡುತ್ತ ನಡೆಯುತ್ತದೆ. ಕೋಲು ಎತ್ತಿದೆ. ಭಾರ ಬಿತ್ತು. ಮಡುವನ್ನು ಎರಡು ಸುತ್ತು ಸುತ್ತಿಸಿ ದಂಡೆಯ ಹತ್ತಿರ ತಂದೆ. ಹಿತ್ತಾಳೆ ಬಣ್ಣದ ದೊಡ್ಡ ಚಿಪ್ಪುಗಳು, ಮೀಸೆಯ ಬಾಯಿ, ಮೊಣಕೈ ಉದ್ದದ ಮೀನು. “ದುರುಗಾ, ಸಿಕ್ತಲೇ” ಎಂದು ಜೋರಾಗಿಯೇ ಕೂಗಿದ್ದೆ. ಅಷ್ಟರಲ್ಲಿ ದಾರ ಸಡಿಲಾಯಿತು. ಹರಿದಿರಲಿಲ್ಲ, ಗಂಟು ಬಿಚ್ಚಿತ್ತು. ನಾನು ಕಟ್ಟಿದ ಗಂಟು. ಇಪ್ಪತ್ತು ವರ್ಷ ಎರೆ ಕಲಿತವನು ಗಂಟು ಕಲಿತಿರಲಿಲ್ಲ. ಮೀನು ಕೊಕ್ಕೆಯ ಸಮೇತ ಒಂದು ಕ್ಷಣ ಮೊಳಕಾಲುದ್ದದ ನೀರಿನಲ್ಲಿ ನಿಂತಿತ್ತು, ನಾನು ಬಟ್ಟೆಯ ಸಮೇತ ನೀರಿಗೆ ಬಿದ್ದೆ, ಅದು ಹೋಯಿತು.

ಒದ್ದೆ ಪಂಚೆಯಲ್ಲಿ ನಡುಗುತ್ತ ಹರಪನಹಳ್ಳಿ ನಿಲ್ದಾಣಕ್ಕೆ ಬಂದು ಇಳಿದಾಗ, ರಸ್ತೆಯ ಬದಿಯಲ್ಲಿ ಒಬ್ಬಾಕೆ ಬುಟ್ಟಿಯಲ್ಲಿ ಮೀನು ಇಟ್ಟುಕೊಂಡು ಕೂತಿದ್ದಳು. ನಾನು ದಾಟಿ ಹೋದೆ. ಹತ್ತು ಹೆಜ್ಜೆ ಹೋಗಿ ಹಿಂದಿರುಗಿದೆ. ಜೀವನದಲ್ಲಿ ಮೀನು ಕೊಂಡವನಲ್ಲ, ಹೇಗೆ ಕೇಳಬೇಕೆಂದೂ ಗೊತ್ತಿಲ್ಲ. “ಗೆಂಡಿ ಐತೇನಮ್ಮಾ?” ಎಂದೆ. ನನ್ನ ಹಣೆಯ ವಿಭೂತಿ ನೋಡಿ ಆಕೆ ಅನುಮಾನದಿಂದ, “ಐತ್ರಿ. ಕೆರಿ ಮೀನು, ಇವತ್ತ ಬೆಳಿಗ್ಗೆ ಬಲಿ ಎಳದದ್ದು. ಕೊಯ್ದು ಕೊಡ್ಲ್ಯಾ?” ಎಂದಳು. ಬೇಡ, ಇಡಿಯಾಗಿ ಕೊಡು ಎಂದೆ. ಹಿಟ್ಟಿನ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ಸೀಟಿನ ಕೆಳಗೆ ತಳ್ಳಿದೆ. ಪಕ್ಕದಲ್ಲಿ ಬಂದು ಕೂತದ್ದು ನಮ್ಮ ಓಣಿಯ ಪೂಜೆ ಅಯ್ಯನವರು. ಕೊಟ್ಟೂರು ಬರುವ ತನಕ ಮೂಗಿಗೆ ಶಲ್ಯ ಹಿಡಿದುಕೊಂಡು, ಬಸ್ಸುಗಳಲ್ಲಿ ಸ್ವಚ್ಛತೆಯೇ ಇಲ್ಲವಾಯಿತೆಂದು ನನಗೆ ಹೇಳುತ್ತಲೇ ಇದ್ದರು. ನಾನು ಹೌದ್ರಿ ಹೌದ್ರಿ ಎಂದೆ.

ನೆಟ್ಟಗೆ ದುರುಗಪ್ಪನ ಮನೆಗೆ ಹೋದೆ. ಸಂಜೆಯ ದೀಪ ಹಚ್ಚಿದ್ದರು. “ಸಿಕ್ತು ನೋಡು” ಎಂದು ಚೀಲ ಬಿಚ್ಚಿದೆ. ಹನುಮಕ್ಕ ತಟ್ಟೆ ತಂದಳು. ದುರುಗಪ್ಪನ ಮುಖ ಅರಳಿತು ಎಂದೇ ನನಗೆ ಕಂಡಿತು. ಕೈ ಚಾಚಿ ತಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡ.

“ಏನು ಕಟ್ಟಿದ್ದಿ?” ಎಂದ.

“ಗೋಧಿ ಹಿಟ್ಟಲೇ, ಒಂದು ಹಿಡಿ ರಾಗಿ. ನೀ ಹೇಳಿದಂಗ ಬೆಳ್ಳುಳ್ಳಿ. ಕಡ್ಲಿಕಾಳಿನಷ್ಟ ಮಾಡಿದ್ನಿ. ಹೊತ್ತು ನೆತ್ತಿ ದಾಟಿತ್ತು. ಬೆಂಡು ಹಿಂಗ ಪಕ್ಕಕ್ಕ ಸರೀತು, ಎಳೀಲಿಲ್ಲ...”

ನಾನು ಹೇಳುತ್ತಲೇ ಹೋದೆ. ಅದೆಲ್ಲ ನಡೆದದ್ದೇ, ಕೊನೆಯೊಂದು ಬಿಟ್ಟು. ಹೇಳುತ್ತಿರುವಾಗ ಅವನ ಕೈ ನೋಡಿದೆ. ಎಂದಿನ ರೂಢಿಯಂತೆ ಹೆಬ್ಬೆರಳು ಮೀನಿನ ಬಾಯಿಯೊಳಗೆ ಹೋಗಿ, ಮೇಲಿನ ತುಟಿಯ ಒಳಭಾಗವನ್ನು ಈ ತುದಿಯಿಂದ ಆ ತುದಿಗೆ ಸವರುತ್ತಿತ್ತು. ಆಮೇಲೆ ಕೆಳಗಿನ ತುಟಿ. ಗಾಳಕ್ಕೆ ಸಿಕ್ಕ ಮೀನಿನ ತುಟಿಯಲ್ಲಿ ತೂತಿರುತ್ತದೆ. ಬಲೆಗೆ ಸಿಕ್ಕಿದ್ದಕ್ಕೆ ಇರುವುದಿಲ್ಲ. ಇದಕ್ಕೆ ಪಂಡಿತನಾಗಬೇಕಿಲ್ಲ.

ಅವನು ಹೆಬ್ಬೆರಳು ತೆಗೆದು ಪಂಚೆಗೆ ಒರೆಸಿಕೊಂಡ.

“ಚಲೋ ಕಟ್ಟಿದಿ” ಎಂದ. ಅಷ್ಟೇ.

ಹನುಮಕ್ಕ ಸಾರು ಮಾಡಿದಳು. ಅವನು ಒಂದು ಚಮಚ ತುಟಿಗೆ ಹಚ್ಚಿಕೊಂಡು ಸಾಕೆಂದ. ನಾನು ಮನೆಗೆ ಬಂದು ಹಿತ್ತಲಲ್ಲಿ ತಣ್ಣೀರು ಸುರಿದುಕೊಳ್ಳುತ್ತಿದ್ದರೆ ಶಾಂತಮ್ಮ ಬಾಗಿಲಿಗೆ ಬಂದು ನಿಂತು, “ಸಿಕ್ತಾ?” ಎಂದು ಕೇಳಿದಳು. ಇಪ್ಪತ್ತು ವರ್ಷದಲ್ಲಿ ಅವಳು ಆ ಮಾತು ಕೇಳಿದ್ದು ಅದೇ ಮೊದಲು. “ಸಿಕ್ತು” ಎಂದೆ. ಅವಳು ದೇವರ ಮನೆಯ ಕಡೆ ತಿರುಗಿ ಕೈ ಮುಗಿದಳು.

ಅದಾದ ಮೇಲೆ ಹನ್ನೊಂದು ದಿನ ದುರುಗಪ್ಪ ಇದ್ದ. ದಿನವೂ ಹೋದೆ. ದಿನವೂ, ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಹೋದೆ. ಲೇ, ಅದು ಕೆರೆಯ ಮೀನು, ಗಂಟು ಬಿಚ್ಚಿ ನಮ್ಮದು ಹೋಯಿತು, ನೀನು ಇದ್ದಿದ್ದರೆ ಹೋಗುತ್ತಿರಲಿಲ್ಲ. ಹೇಳಲು ಎಷ್ಟು ಹೊತ್ತು ಬೇಕು? ಅವನು ಕಣ್ಣು ಮುಚ್ಚಿ ಮಲಗಿರುತ್ತಿದ್ದ. ನಾನು ಗಿರಣಿಯ ಸುದ್ದಿ ಹೇಳುತ್ತಿದ್ದೆ, ಜೋಳದ ಧಾರಣೆ ಹೇಳುತ್ತಿದ್ದೆ. ಹನ್ನೆರಡನೆಯ ದಿನ ಬೆಳಗ್ಗೆ ಹನುಮಕ್ಕನ ತಮ್ಮ ಗಿರಣಿಯ ಬಾಗಿಲಲ್ಲಿ ನಿಂತಿದ್ದ. ಅವನು ಬಾಯಿ ತೆರೆಯುವ ಮೊದಲೇ ಮೋಟಾರು ಬಂದ್ ಮಾಡಿದೆ.

ಒಂದು ವರ್ಷ ನಾನು ಹೊಳೆಯ ಕಡೆ ಹೋಗಲಿಲ್ಲ. ಕೆಲವರು ದೊಡ್ಡ ತಪ್ಪು ಮಾಡಿ ಕೊರಗುತ್ತಾರೆ; ನನ್ನದು ಒಂದು ಮೀನಿನ ಸುಳ್ಳು, ಯಾರ ಮುಂದೆ ಹೇಳಿದರೂ ನಗುತ್ತಾರೆ. ಸಾಯುವವನಿಗೆ ಸಂತೋಷವಾಗಲೆಂದು ಹೇಳಿದ ಸುಳ್ಳು, ಅದರಲ್ಲೇನಿದೆ ಎನ್ನುತ್ತಾರೆ. ನಾನೂ ಹಾಗೆಂದುಕೊಂಡೇ ದಿನ ತಳ್ಳಿದೆ. ಅಷ್ಟಾದರೂ ಸಮಾಧಾನ ಇತ್ತು.

ಕಳೆದ ತಿಂಗಳು ಹನುಮಕ್ಕ ಜೋಳ ಬೀಸಿಸಲು ಬಂದಳು. ಮಧ್ಯಾಹ್ನದ ಹೊತ್ತು, ಗಿರಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹಿಟ್ಟು ಚೀಲಕ್ಕೆ ತುಂಬಿ ಕೊಟ್ಟು, ಮೋಟಾರು ನಿಲ್ಲಿಸಿ, ಒಮ್ಮೆಲೇ ಹೇಳಿಬಿಟ್ಟೆ. “ಹನುಮಕ್ಕಾ, ಆವತ್ತಿನ ಮೀನು ನಾ ಹಿಡದದ್ದಲ್ಲವ್ವ. ಹರಪನಹಳ್ಳ್ಯಾಗ ಕೊಂಡು ತಂದಿದ್ನಿ.”

“ಗೊತ್ತೈತ್ರಿ ಅಣ್ಣಾರ. ಅವರು ಅವತ್ತ ಹೇಳಿದ್ರು.”

“ಭಾಳ ಬ್ಯಾಸರ ಮಾಡಿಕೊಂಡನೇನು?”

ಅವಳು ಚೀಲದ ಬಾಯಿ ಕಟ್ಟುತ್ತಿದ್ದಳು. ಕಟ್ಟಿ ಮುಗಿಸಿದ ಮೇಲೆ ಹೇಳಿದಳು. “ಮೀನಿಗೆ ಅಲ್ಲರಿ. ನೀರ ಇಳೀದಿದ್ದ ಗಂಟಲಕ್ಕ ಸಾರು ಎಲ್ಲಿ ಇಳೀತೈತ್ರಿ? ಅವರಿಗೆ ಹೊಳಿಗೆ ಹೋಗಬೇಕಾಗಿತ್ತು. ನೀವು ‘ಬಾ ಹೋಗೂಣು’ ಅಂತೀರಿ ಅಂತ ತಿಳಕೊಂಡಿದ್ರು. ಮರುದಿನ ನಸುಕಿನಾಗ ಎದ್ದು ಅಂಗಿ ಹಾಕ್ಕೊಂಡು, ಮಫ್ಲರ್ ಸುತ್ತಿಕೊಂಡು, ಕಟ್ಟಿ ಮ್ಯಾಲೆ ಕುಂತ್ರು. ಬಸ್ಸಿನ ಹೊತ್ತು ಆತು. ನೀವು ಬರಲಿಲ್ಲ. ಎರಡನೇ ದಿನಾನೂ ಕುಂತ್ರು. ಮೂರನೇ ದಿನ ನಸುಕಿಗೆ ಏಳಾಕ ಆಗಲಿಲ್ಲ.”

“ನನಗ ಒಂದು ಮಾತು ಹೇಳಬಾರದಿತ್ತೇನವ್ವ?”

“ನಾ ಹೇಳಿ ಕಳಿಸ್ತೀನಿ ಅಂದ್ನಿರಿ. ಬ್ಯಾಡ ಅಂದ್ರು. ‘ತಳದಾಗ ಮಕ್ಕೊಂಡಿರೋ ಮೀನಿನ ಮನಸ ತಿಳಿತೈತಿ ಅವನಿಗೆ. ನಂದು ತಿಳೀದಿದ್ರ ಬಿಡು’ ಅಂದ್ರು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಚೀಲವನ್ನು ಸೊಂಟಕ್ಕೆ ಎತ್ತಿಕೊಂಡು, “ಬರ್ತೀನ್ರಿ ಅಣ್ಣಾರ, ಅಕ್ಕಗ ಕೇಳೀನಿ ಅಂತ ಹೇಳ್ರಿ” ಎಂದು ಹೋದಳು.

ಆಮೇಲೆ ಗಿರಾಕಿಗಳು ಬಂದರು. ಮೋಟಾರು ಹಾಕಿದೆ. ಯಾರ ಡಬ್ಬಿ ಎತ್ತಿದೆನೋ, ಯಾವುದಕ್ಕೆ ಸುರಿದೆನೋ ತಿಳಿಯಲಿಲ್ಲ. ಕಾನಹೊಸಹಳ್ಳಿಯಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಮುದುಕಿಯ ಗೋಧಿಯನ್ನು ಯಾರದೋ ಸಜ್ಜೆಯ ಜೊತೆ ಬೆರೆಸಿ ಬೀಸಿಬಿಟ್ಟಿದ್ದೆ. ಅವಳು ಹಿಟ್ಟಿಗೆ ಕೈ ಹಾಕಿ ನೋಡಿ ಕಿಡಿಯಾದಳು. “ಏನೋ ಮುದುಕಾ, ಕಣ್ಣು ಕಾಣಂಗಿಲ್ಲೇನು ನಿನಗ? ಬುದ್ಧಿ ಎಲ್ಲಿಟ್ಟು ಬಂದಿ? ಇಷ್ಟು ವರ್ಷ ಗಿರಣ್ಯಾಗ ಕುಂತು ಏನು ಕಲ್ತಿ?” ಎಂದು ಓಣಿಗೆಲ್ಲ ಕೇಳುವಂತೆ ಬೈದಳು. ಪಕ್ಕದ ಅಂಗಡಿಯವರು ಹೊರಗೆ ಬಂದು ನಿಂತರು. ಬೇರೆ ಗೋಧಿ ಕೊಡುತ್ತೇನೆ ಎಂದಿದ್ದರೆ ಅವಳು ತಣ್ಣಗಾಗುತ್ತಿದ್ದಳು. ನಾನು ಆ ಮಾತು ಎತ್ತದೆ ಅವಳ ಮುಂದೆ ತಲೆ ತಗ್ಗಿಸಿ ನಿಂತುಕೊಂಡೆ. ಅವಳು ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂಬುದೊಂದೇ ನನ್ನ ಹೆದರಿಕೆಯಾಗಿತ್ತು.